ಹಾಡಿನ ಕೆಳಗಿನ ಸಣ್ಣಕ್ಷರ

ನಮ್ಮ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಸರ್ ಒಬ್ಬರಿಗೆ ಶನಿವಾರದ ಕೊನೆಯ ಪೀರಿಯಡ್ ಎಂದರೆ ಟೇಪ್ ರೆಕಾರ್ಡರ್. 2004ರಲ್ಲಿ ನಾವು ಬಿ.ಎ. ಎರಡನೇ ವರ್ಷ. ಸಿ.ಡಿ. ಬಂದು ಎಷ್ಟೋ ಕಾಲವಾಗಿದ್ದರೂ ಅವರದು ಕ್ಯಾಸೆಟ್ಟೇ. ಹಾಡು ಹಾಕುವ ಮೊದಲು ಡಬ್ಬಿಯೊಳಗಿನ ಕಾಗದ ಬೆಂಚಿನಿಂದ ಬೆಂಚಿಗೆ ದಾಟಬೇಕು. ಹಾಡಿದವರ ಹೆಸರಲ್ಲ, ಅದರ ಕೆಳಗೆ ಇರುವೆ ಸಾಲಿನ ಹಾಗೆ ಅಚ್ಚಾದ ಹೆಸರು ಓದಬೇಕು. "ದುಡ್ಡು ಹೋಗೋದು ಆ ಹೆಸರಿಗೆ ಕಣ್ರೋ."

ಒಂದು ಶನಿವಾರ 'ವಿಮೊವೆ' ಬಂತು. ಅಮೆರಿಕದ 'ವೀವರ್ಸ್' ತಂಡ 1950ರ ದಶಕದ ಆರಂಭದಲ್ಲಿ ಹಾಡಿದ್ದು. ರಚನೆ, ಪಾಲ್ ಕ್ಯಾಂಬೆಲ್. ಯಾರಿವನು ಎಂದು ಸರ್ ಕೇಳಿದರೆ ಹಿಂದಿನ ಬೆಂಚಿನಿಂದ ಯಾರೋ "ಕ್ರಿಕೆಟರ್ ಸಾರ್" ಅಂದ. ಅಂಥ ಮನುಷ್ಯನೇ ಇರಲಿಲ್ಲ! ಜನಪದ ಹಾಡು, ಒಡೆಯರಿಲ್ಲ ಎಂದುಕೊಂಡದ್ದಕ್ಕೆಲ್ಲ ಆ ತಂಡ ಮತ್ತು ಪ್ರಕಾಶಕರು ಅಂಟಿಸುತ್ತಿದ್ದ ಹುಸಿ ಹೆಸರದು. 'ಸಾಹಿತ್ಯ: ಜಾನಪದ' ಎಂಬ ನಮ್ಮ ಕ್ಯಾಸೆಟ್ಟುಗಳನ್ನೂ ಅಂದಿನಿಂದ ನಾನು ಸ್ವಲ್ಪ ಅನುಮಾನದಿಂದಲೇ ನೋಡುತ್ತೇನೆ.

ಆಮೇಲೆ ಇನ್ನೊಂದು ಕ್ಯಾಸೆಟ್, ಆ 'ವಿಮೊವೆ'ಯ ಮೂಲ ಹಾಡಿನದು. ಜೊಹಾನ್ಸ್‌ಬರ್ಗ್, 1939. ಗ್ಯಾಲೊ ಕಂಪನಿಯ ಸ್ಟುಡಿಯೊದಲ್ಲಿ ಸಾಲೊಮನ್ ಲಿಂಡಾ ಎಂಬ ಜುಲು ಗಾಯಕ 'ಈವ್ನಿಂಗ್ ಬರ್ಡ್ಸ್' ತಂಡ ಕಟ್ಟಿಕೊಂಡು ಹಾಡಿದ 'ಎಂಬೂಬೆ'. ಕೆಳಗೆ ಗಂಡಸರ ಮೇಳ ಒಂದೇ ಸಾಲನ್ನು ಉರುಳಿಸುತ್ತಿರುತ್ತದೆ, ಮೇಲೆ ಲಿಂಡಾನ ತಾರಸ್ವರ ಕೂಗುತ್ತ ಅಲೆಯುತ್ತದೆ. ನಮಗೆ ಆಕಳಿಕೆ. ಹಾಡು ಮುಗಿಯುತ್ತ ಬಂದಾಗ ಸರ್ ಬೆರಳೆತ್ತಿದರು. ಇದ್ದಕ್ಕಿದ್ದಂತೆ ನಮಗೆಲ್ಲ ಗೊತ್ತಿದ್ದ ಟ್ಯೂನ್, ಡಿಸ್ನಿಯ 'ಲಯನ್ ಕಿಂಗ್' ಸಿನಿಮಾ ನೋಡಿದವರೆಲ್ಲ ಗುನುಗಿದ್ದು! ರಿವೈಂಡ್ ಮಾಡಿ ಮತ್ತೆ ಹಾಕಿದರು, ಮತ್ತೂ ಹಾಕಿದರು. ಮೂರನೇ ಟೇಕ್‌ನ ಕೊನೆಗೆ ಆತ ನಿಂತಲ್ಲೇ ಹುಟ್ಟಿಸಿದ ಆ ನಾಲ್ಕಾರು ಸ್ವರಗಳ ಮೇಲೆ ಇಂಗ್ಲಿಷ್ ಮಾತು ಕೂರಿಸಿಯೇ 1961ರಲ್ಲಿ 'ಟೋಕನ್ಸ್' ತಂಡ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ್ದು. ಲೋಕವನ್ನು ಹಿಡಿದದ್ದು ಆ ಸ್ವರಗಳೇ ಎಂದು ನಾನು ಇವತ್ತಿಗೂ ವಾದಿಸುತ್ತೇನೆ. ಮಾತಿನಲ್ಲೇನಿದೆ? ಕಾಡಿನಲ್ಲಿ ಸಿಂಹ ಮಲಗಿದೆ, ಅಷ್ಟೆ.

ಲಿಂಡಾನಿಗೆ ಹಾಡಿನ ಹಕ್ಕಿಗೆಂದು ಸಿಕ್ಕಿದ್ದು 10 ಶಿಲಿಂಗ್ ಅಂತೆ. ಗ್ಯಾಲೊದಲ್ಲೇ ರೆಕಾರ್ಡ್ ಪ್ಯಾಕ್ ಮಾಡುವ ಕೆಲಸದಲ್ಲಿದ್ದ ಆತ 1962ರಲ್ಲಿ ಬಡವನಾಗಿಯೇ ತೀರಿಕೊಂಡ. ಗೋರಿಗೊಂದು ಕಲ್ಲು ಹಾಕಿಸಲು ಹೆಂಡತಿಗೆ 18 ವರ್ಷ ಬೇಕಾಯಿತು.

ನಾವು ಆ ಹಾಡು ಕೇಳಿದ ವರ್ಷವೇ ಅವನ ಹೆಣ್ಣುಮಕ್ಕಳ ಪರವಾಗಿ ದಕ್ಷಿಣ ಆಫ್ರಿಕಾದಲ್ಲಿ ಡಿಸ್ನಿ ಮೇಲೆ ಕೇಸು ಬಿದ್ದಿತ್ತು. ವಕೀಲರು ಹುಡುಕಿ ತೆಗೆದದ್ದು ಬ್ರಿಟಿಷರ 1911ರ ಕಾಪಿರೈಟ್ ಕಾಯ್ದೆ. ಹಕ್ಕನ್ನು ಯಾರಿಗೇ ಬರೆದುಕೊಟ್ಟಿರಲಿ, ಕರ್ತೃ ಸತ್ತು 25 ವರ್ಷವಾದ ಮೇಲೆ ಅದು ವಾರಸುದಾರರಿಗೆ ಮರಳಬೇಕು. 2006ರ ಫೆಬ್ರುವರಿಯಲ್ಲಿ ರಾಜಿಯಾಯಿತು. ಲಿಂಡಾ ಸಹರಚನಕಾರ ಎಂದು ಒಪ್ಪಿದರು, ಮುಂದಿನ ರಾಯಲ್ಟಿಯೂ ಮನೆಯವರಿಗೆ.

ಪೇಪರ್ ಹಿಡಿದುಕೊಂಡು ಸ್ಟಾಫ್ ರೂಮಿಗೆ ಓಡಿದೆ. ಸರ್ ಪೂರ್ತಿ ಓದಿ, ಕನ್ನಡಕ ಹಣೆಗೇರಿಸಿ, "ಅರವತ್ತೆರಡಕ್ಕೆ ಇಪ್ಪತ್ತೈದು, ಎಂಬತ್ತೇಳು. ಅದಕ್ಕೂ ಮುಂಚೆ ಟೋಕನ್ಸ್ ಹಾಡಿಂದ ಬಂದ ದುಡ್ಡೆಲ್ಲ ಯಾರ ಮನೆಗೆ ಹೋಯ್ತಪ್ಪ?" ಎಂದು ಕೇಳಿ, ಅಟೆಂಡೆನ್ಸ್ ಪುಸ್ತಕ ಎತ್ತಿಕೊಂಡು ಕ್ಲಾಸಿಗೆ ಹೊರಟರು.