ಪ್ರಾಜೆಕ್ಟ್ ಡೈರಿ, ಮೂರನೇ ತಿಂಗಳು: ನೇರಳೆ ಇರಬೇಕಾದದ್ದು ಕೆಂಪಾದಾಗ

ಉಡುಪಿಯಲ್ಲಿ ಮಳೆ ಬಿಡುತ್ತಿಲ್ಲ. ಮೇ ತಿಂಗಳಲ್ಲಿ ಐದು ನಿಮಿಷಕ್ಕೆ ಒಣಗುತ್ತಿದ್ದ ಸ್ಮಿಯರ್ (ಗಾಜಿನ ಸ್ಲೈಡ್ ಮೇಲೆ ತೆಳ್ಳಗೆ ಸವರಿದ ಸ್ಯಾಂಪಲ್) ಈಗ ಅರ್ಧ ಗಂಟೆ ಇಟ್ಟರೂ ಹಸಿಹಸಿ. ಈ ತಿಂಗಳ ತಾಪತ್ರಯ ಶುರುವಾದದ್ದೇ ಅಲ್ಲಿಂದ.

ಬಿಳಿ ಹೋಗುತ್ತದೆ ಎಂದು ಓಪಿಡಿಗೆ ಬರುವ ಹೆಂಗಸರ ಸ್ವಾಬ್ ನೋಡಿ, ಅದಕ್ಕೆ ಯಾವ ಬ್ಯಾಕ್ಟೀರಿಯಾ ಕಾರಣ ಎಂದು ಗುರುತಿಸುವುದು ನನ್ನ ಎಂ.ಎಸ್ಸಿ. ಪ್ರಾಜೆಕ್ಟ್. ಅವರ ಒಪ್ಪಿಗೆ ಪಡೆದೇ ಸ್ವಾಬ್ ತೆಗೆಯುತ್ತಾರೆ. ನನ್ನ ಕೈಗೆ ಬರುವಾಗ ಹೆಸರಿರುವುದಿಲ್ಲ, ಕೋಡ್ ಮಾತ್ರ.

ಕಲ್ಚರ್ ಮಾಡಿ, ಈ ತೊಂದರೆಯಲ್ಲಿ ಜಾಸ್ತಿ ಕಾಣುವ ಗಾರ್ಡ್ನೆರೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಸಿದರೆ ಆಯ್ತಲ್ಲ ಎಂದು ಮೊದಲು ನಾನೂ ಅಂದುಕೊಂಡಿದ್ದೆ. ಆದರೆ ಅದು ಆರೋಗ್ಯವಾಗಿರುವ ಎಷ್ಟೋ ಹೆಂಗಸರಲ್ಲೂ ಸ್ವಲ್ಪ ಇರುತ್ತದೆ. ಬೆಳೆಯಿತು ಅಂದ ಮಾತ್ರಕ್ಕೆ ಕಾಯಿಲೆ ಅಲ್ಲ. ನೋಡಬೇಕಾದದ್ದು ಯಾವುದು ಜಾಸ್ತಿಯಾಗಿದೆ, ಯಾವುದು ಕಾಣೆಯಾಗಿದೆ ಎಂದು. ಯೋನಿಯಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾ ಲ್ಯಾಕ್ಟೊಬ್ಯಾಸಿಲಸ್ ಆಮ್ಲ ಮಾಡಿ ಅಲ್ಲಿನ ಪಿಎಚ್ ಅನ್ನು 4.5ಕ್ಕಿಂತ ಕೆಳಗೆ ಇಟ್ಟಿರುತ್ತದೆ. ಅದು ಕಡಿಮೆಯಾದರೆ ಉಳಿದವು ತುಂಬಿಕೊಳ್ಳುತ್ತವೆ. ಇದನ್ನು ಗ್ರಾಮ್ ಸ್ಟೇನ್ (ಬ್ಯಾಕ್ಟೀರಿಯಾವನ್ನು ನೇರಳೆ, ಕೆಂಪು ಎಂದು ಬೇರ್ಪಡಿಸಿ ತೋರಿಸುವ ಬಣ್ಣ) ಹಾಕಿದ ಸ್ಲೈಡ್‌ನಲ್ಲಿ ಎಣಿಸಿ 0ಯಿಂದ 10ರವರೆಗೆ ಅಂಕ ಕೊಡುವುದೇ ನ್ಯೂಜೆಂಟ್ ಸ್ಕೋರ್. 1991ರಿಂದ ಬಳಕೆಯಲ್ಲಿದೆ. 0–3 ಸರಿ, 7ರಿಂದ 10 ಬ್ಯಾಕ್ಟೀರಿಯಲ್ ವಜೈನೋಸಿಸ್ (ಈ ಬ್ಯಾಕ್ಟೀರಿಯಾಗಳ ಸಮತೋಲನ ತಪ್ಪಿದ ಸ್ಥಿತಿ), 4–6 ನಡುವಿನದು.

ಈಗ ತಪ್ಪಾದದ್ದನ್ನು ಹೇಳುತ್ತೇನೆ. ಕಳೆದ ವಾರ ಒಂದೇ ದಿನ ಸ್ಟೇನ್ ಮಾಡಿದ 12 ಸ್ಲೈಡ್‌ಗಳಲ್ಲಿ ಹೆಚ್ಚಿನವಕ್ಕೆ 7, 8 ಬಂತು. ನನಗೆ ಖುಷಿ. ಮೇಡಂ ಒಂದು ಸ್ಲೈಡ್ ನೋಡಿ, 'ಈ ಉದ್ದ ಕಡ್ಡಿಗಳು ಯಾಕೆ ಕೆಂಪಾಗಿವೆ?' ಎಂದರು. ಲ್ಯಾಕ್ಟೊಬ್ಯಾಸಿಲಸ್ ನೇರಳೆ ಆಗಿರಬೇಕು. ಸ್ಮಿಯರ್ ದಪ್ಪ ಇದೆ, ಸರಿಯಾಗಿ ಒಣಗಿಲ್ಲ ಎಂದು ನಾನು ನೇರಳೆಯನ್ನು ತೊಳೆಯುವ ಅಸಿಟೋನನ್ನು ಎಲ್ಲಕ್ಕೂ ಜಾಸ್ತಿ ಹೊತ್ತು ಬಿಟ್ಟಿದ್ದೆ. ನೇರಳೆ ಬಣ್ಣ ಪೂರ್ತಿ ತೊಳೆದು ಹೋಗಿ, ಆಮೇಲೆ ಹಾಕುವ ಸಫ್ರನಿನ್‌ನ ಕೆಂಪು ಕೂತಿತ್ತು. ಅಂದರೆ ಒಳ್ಳೆಯ ಬ್ಯಾಕ್ಟೀರಿಯಾವನ್ನೇ ಕೆಟ್ಟದ್ದೆಂದು ಎಣಿಸಿದ್ದೆ. ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ರಿಪೋರ್ಟ್ ಹಾಗೇ ಹೋಗಿದ್ದರೆ ಏನೂ ಇಲ್ಲದವರು ಮಾತ್ರೆ ನುಂಗಬೇಕಿತ್ತು.

ಪ್ರತಿ ಸ್ವಾಬ್‌ಗೂ ಎರಡೆರಡು ಸ್ಮಿಯರ್ ಇಟ್ಟದ್ದು ಉಳಿಸಿತು. ಹನ್ನೆರಡನ್ನೂ ಮತ್ತೆ ಮಾಡಿದೆ. ಈಗ ಪ್ರತಿ ಬ್ಯಾಚ್‌ನ ಜೊತೆ ಒಂದು ಕಂಟ್ರೋಲ್ ಸ್ಲೈಡ್: ಒಂದು ಬದಿ ಸ್ಟ್ಯಾಫಿಲೊಕಾಕಸ್, ಇನ್ನೊಂದು ಬದಿ ಇ. ಕೋಲೈ. ಮೊದಲನೆಯದು ನೇರಳೆ, ಎರಡನೆಯದು ಕೆಂಪು ಆದರೆ ಮಾತ್ರ ಉಳಿದದ್ದನ್ನು ಓದುತ್ತೇನೆ. ಮೇಡಂ ಮತ್ತು ನಾನು ಬೇರೆ ಬೇರೆಯಾಗಿ ಅಂಕ ಹಾಕುತ್ತೇವೆ. ಜಗಳ ಬರುವುದು 4–6ರಲ್ಲೇ.

ಓಪಿಡಿಯಲ್ಲಿ ಒಬ್ಬ ಅಕ್ಕ ಸಿಸ್ಟರ್ ಹತ್ತಿರ ಹೇಳುತ್ತಿದ್ದರು: 'ಉಷ್ಣ ಆಗಿರ್ಬೇಕು ಅಂತ ಎರಡು ತಿಂಗಳು ಬೊಂಡ ಕುಡಿದೆ, ಸೋಪು ಹಾಕಿ ತೊಳೆದೆ.' ಇಂಥ ಮಾತು ಕೇಳಿದರೆ ಬೇಸರವಾಗುತ್ತದೆ. ಬೊಂಡದಿಂದ ತೊಂದರೆ ಏನಿಲ್ಲ, ಆದರೆ ಇದು ಉಷ್ಣ ಅಲ್ಲ, ಕೊಳಕೂ ಅಲ್ಲ. ಒಳಗೆ ತೊಳೆಯಲೇಬಾರದು, ಅಲ್ಲಿನ ಲ್ಯಾಕ್ಟೊಬ್ಯಾಸಿಲಸ್‌ಗೆ ಅದೇ ಪೆಟ್ಟು. ಅಂದು ಬಂದ ಒಂದು ಸ್ಲೈಡ್‌ನಲ್ಲಿ ಬ್ಯಾಕ್ಟೀರಿಯಲ್ ವಜೈನೋಸಿಸ್‌ನ ಗುರುತಾದ ಕ್ಲೂ ಸೆಲ್ ಸಿಕ್ಕಿತು. ಎಳ್ಳು ಮೆತ್ತಿದ ಉಂಡೆಯ ಹಾಗೆ, ಜೀವಕೋಶದ ಅಂಚೇ ಕಾಣದಷ್ಟು ಬ್ಯಾಕ್ಟೀರಿಯಾ. ಇದಕ್ಕೆ ಮೆಟ್ರೊನಿಡಜೋಲ್ ಎಂಬ ಆಂಟಿಬಯೋಟಿಕ್ ಬೇಕು. ಕ್ಯಾಂಡಿಡಾ ಎಂಬ ಫಂಗಸ್‌ಗೆ ಕೊಡುವ ಮಾತ್ರೆ ಇಲ್ಲಿ ಕೆಲಸ ಮಾಡುವುದಿಲ್ಲ. ನೋಡದೆ ಔಷಧಿ ಕೊಡುವುದರ ಕಷ್ಟ ಇದೇ ಅಲ್ವಾ?

ಲೈಂಗಿಕ ಸಂಪರ್ಕದಿಂದ ಹರಡುವ ಕ್ಲಮೀಡಿಯಾ ಎಂಬ ಬ್ಯಾಕ್ಟೀರಿಯಾ ಇನ್ನೂ ಕೈಗೆ ಸಿಕ್ಕಿಲ್ಲ. ಅದು ಜೀವಕೋಶದ ಒಳಗೇ ಬದುಕುತ್ತದೆ, ಗ್ರಾಮ್ ಸ್ಟೇನ್‌ನಲ್ಲಿ ಕಾಣುವುದಿಲ್ಲ, ಪಿಸಿಆರ್ ತರಹದ ಟೆಸ್ಟ್ ಬೇಕು. ಸುಮ್ನೆ ಬಿಟ್ಟರೆ ಗರ್ಭನಾಳ ಕಟ್ಟಿಕೊಳ್ಳಬಹುದು, ಹಾಗಾಗಿ ಬಿಡುವ ಹಾಗಿಲ್ಲ. ಕಿಟ್‌ಗೆ ಅರ್ಜಿ ಹಾಕಿದ್ದೇನೆ.

ಮುಂದಿನ ವಾರ ಗೊನೊರಿಯಾ ತರುವ ಗೊನೊಕಾಕಸ್. ಚಾಕೊಲೇಟ್ ಅಗಾರ್ (ಅದನ್ನು ಬೆಳೆಸಲು ಬಿಸಿ ಮಾಡಿದ ರಕ್ತ ಹಾಕಿದ ಮಾಧ್ಯಮ) ತಯಾರಿದೆ. ಈ ಬ್ಯಾಕ್ಟೀರಿಯಾ ಬೆಳೆಯಲು ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಬೇಕು. ಮುಚ್ಚಿದ ಜಾರ್ ಒಳಗೆ ಉರಿದು ತಾನೇ ಆರುವ ಮೇಣದಬತ್ತಿ ಸಾಕು. ರಥಬೀದಿಯ ಅಂಗಡಿಯಿಂದ ಬಿಳಿ ಬತ್ತಿ ಒಂದು ಪ್ಯಾಕೆಟ್ ತಂದಿಟ್ಟಿದ್ದೇನೆ.