ರಿಲೇ ಹೇಳಿದ 33.7 ಕಿಲೋಮೀಟರ್

ಸೇಡಂ–ಚಿತ್ತಾಪುರ ಕಡೆ ಚಳಿಗಾಲದ ನಸುಕಿನಲ್ಲಿ ವಿದ್ಯುತ್ ಲೈನ್ ಟ್ರಿಪ್ ಆಯಿತೆಂದರೆ (ತಾನಾಗಿ ಆಫ್ ಆದರೆ) ಮೊದಲ ಅನುಮಾನ ತಂತಿಯನ್ನು ಟವರಿನಿಂದ ಬೇರ್ಪಡಿಸುವ ಡಿಸ್ಕ್ ಇನ್ಸುಲೇಟರ್ ಮೇಲೆ. ಕೂತ ಸಿಮೆಂಟ್ ಧೂಳಿನ ಮೇಲೆ ಇಬ್ಬನಿ ಬಿದ್ದರೆ ಕರೆಂಟು ಹರಿಯಲು ದಾರಿ ಆಯಿತು. ಆ ದಿನ ಆದದ್ದೂ ಅದೇ. ಆದರೆ ಗ್ಯಾಂಗ್ ಬೆಳಗೆಲ್ಲ ಹುಡುಕಿದ್ದು ಬೇರೆ ಟವರುಗಳನ್ನು.

110 ಕೆವಿ ಲೈನ್, ಉದ್ದ 40 ಕಿ.ಮೀ., ಆಚೆ ತುದಿಯಲ್ಲಿ ಬರೀ ಲೋಡ್. ಫಾಲ್ಟಿನ ದೂರ ಲೆಕ್ಕ ಹಾಕಿ ಲೈನಿನ ಬ್ರೇಕರ್ ತೆರೆಸುವ ಡಿಸ್ಟೆನ್ಸ್ ರಿಲೇ ತೋರಿಸಿದ್ದು: ಬಿ ಫೇಸ್ ಟು ಅರ್ತ್ (ಮೂರರಲ್ಲಿ ಒಂದು ಫೇಸಿನಿಂದ ನೆಲಕ್ಕೆ), ಝೋನ್-2, 33.7 ಕಿ.ಮೀ. ಸುಟ್ಟ ಡಿಸ್ಕ್ ಸಿಕ್ಕಿದ್ದು 29ನೇ ಕಿ.ಮೀ. ಹತ್ತಿರ.

ರಿಲೇ ಅಳೆಯುವುದು ಕಿಲೋಮೀಟರನ್ನಲ್ಲ, ಓಮ್‌ ಅನ್ನು. ಪಿಟಿಯ (ವೋಲ್ಟೇಜ್ ಇಳಿಸಿ ಕೊಡುವ ಟ್ರಾನ್ಸ್‌ಫಾರ್ಮರ್) ವೋಲ್ಟೇಜನ್ನು ಸಿಟಿಯ (ಕರೆಂಟ್ ಇಳಿಸಿ ಕೊಡುವ ಟ್ರಾನ್ಸ್‌ಫಾರ್ಮರ್) ಕರೆಂಟಿನಿಂದ ಭಾಗಿಸುತ್ತದೆ, ಅಷ್ಟೇ. ಈ ಲೈನಿಗೆ ಕಿ.ಮೀ.ಗೆ 0.42 ಓಮ್, ಒಟ್ಟು 16.8. ಸಿಟಿ 400/1, ಪಿಟಿ 110 ಕೆವಿ/110 ವೋಲ್ಟ್, ಹಾಗಾಗಿ 400 ಭಾಗಿಸು 1000, ಅಂದರೆ 0.4ರಿಂದ ಗುಣಿಸಿದರೆ ಸೆಕೆಂಡರಿಯಲ್ಲಿ (ರಿಲೇ ಕಾಣುವ ಕಡೆ) 6.72 ಓಮ್. ಝೋನ್-1 ಅದರ 80%, 5.38 ಓಮ್, ಅಂದರೆ 32 ಕಿ.ಮೀ.ವರೆಗೆ, ತಡವಿಲ್ಲದೆ ಟ್ರಿಪ್. ಝೋನ್-2 120%, 0.35 ಸೆಕೆಂಡ್ ತಡ.

29 ಕಿ.ಮೀ. ಝೋನ್-1ರ ಒಳಗಿದೆ. ಆದರೂ ಝೋನ್-2 ಯಾಕೆ? ಅರ್ತ್ ಫಾಲ್ಟಿನಲ್ಲಿ ಕರೆಂಟು ಮರಳುವುದು ನೆಲ ಮತ್ತು ಅರ್ತ್ ವೈರ್ ಮೂಲಕ. ಆ ದಾರಿಯ ಇಂಪಿಡೆನ್ಸನ್ನು (ಕರೆಂಟಿಗೆ ಒಡ್ಡುವ ತಡೆಯನ್ನು) ರಿಲೇಗೆ ನಾವೇ ಹೇಳಿಕೊಡಬೇಕು, ಅದೇ ಕೆ-ಝೀರೋ. ಝೀರೋ ಸೀಕ್ವೆನ್ಸ್ ಇಂಪಿಡೆನ್ಸಿನಿಂದ (ನೆಲದ ದಾರಿಯಲ್ಲಿ ಮರಳುವ ಕರೆಂಟಿಗೆ ಲೈನ್ ಒಡ್ಡುವುದು) ಪಾಸಿಟಿವ್ ಸೀಕ್ವೆನ್ಸಿನದನ್ನು (ಮಾಮೂಲಿ ಮೂರು ಫೇಸ್ ಕರೆಂಟಿಗೆ ಒಡ್ಡುವುದು) ಕಳೆದು, ಉಳಿದದ್ದನ್ನು ಪಾಸಿಟಿವ್‌ನ ಮೂರು ಪಟ್ಟಿನಿಂದ ಭಾಗಿಸಿದರೆ ಸಿಗುವ ಸಂಖ್ಯೆ. ಸೆಟ್ಟಿಂಗ್ ಶೀಟಿನಲ್ಲಿ ಇದ್ದದ್ದು 0.55, ಮಾಮೂಲಿ ಟೇಬಲ್ಲಿನಿಂದ ಎತ್ತಿಕೊಂಡದ್ದು. ಲೈನ್ ಆಫ್ ಮಾಡಿ, ಆಚೆ ತುದಿ ಅರ್ತ್ ಮಾಡಿ, 50 ಹರ್ಟ್ಸ್ ಬಿಟ್ಟು ಬೇರೆ ಫ್ರೀಕ್ವೆನ್ಸಿಯಲ್ಲಿ ಇಂಜೆಕ್ಟ್ ಮಾಡಿ ಅಳೆದಾಗ ಬಂದದ್ದು 0.8. ಫೇಸ್ ಟು ಅರ್ತ್ ಅಳತೆಯಲ್ಲಿ ಕೆ-ಝೀರೋಗೆ 1 ಕೂಡಿಸಿದ ಸಂಖ್ಯೆ ಬರುತ್ತದೆ; ಈಗ ಲೈನಿನದನ್ನು ಶೀಟಿನದರಿಂದ ಭಾಗಿಸಿ, 1.8 ಭಾಗಿಸು 1.55, ಅಂದರೆ 1.161. 29ನ್ನು ಅದರಿಂದ ಗುಣಿಸಿ ನೋಡಿ, 33.7 ಕಿ.ಮೀ. ಬಂದೇಬಿಡುತ್ತದೆ.

ಟವರ್ ಫೂಟಿಂಗ್ (ಟವರ್ ಬುಡದ ಅರ್ತ್ ರೆಸಿಸ್ಟೆನ್ಸ್) ಮೇಲೆ ಅನುಮಾನ ಬರುವುದು ಸಹಜ. ಶಹಾಬಾದ್ ಕಲ್ಲಿನ ಸೀಮೆಯಿದು, ಅರ್ತ್ ಪೈಪ್ ಇಳಿಸಹೋದರೆ ಸ್ವಲ್ಪದರಲ್ಲೇ ಪರಸಿ ಕಲ್ಲು ಅಡ್ಡ ಬರುತ್ತದೆ; 10 ಓಮ್‌ಗಿಂತ ಕೆಳಗೆ ತರುವುದು ಕಷ್ಟ. ಆದರೆ ಒಂದೇ ಕಡೆಯಿಂದ ಫೀಡ್ ಆಗುವ ಲೈನಿನಲ್ಲಿ ಫಾಲ್ಟ್ ರೆಸಿಸ್ಟೆನ್ಸ್ ಬಹುಮಟ್ಟಿಗೆ ಇಂಪಿಡೆನ್ಸಿನ ರೆಸಿಸ್ಟೆನ್ಸ್ ಭಾಗವಾದ ಆರ್ ಅನ್ನಷ್ಟೇ ಏರಿಸುತ್ತದೆ. ಫಾಲ್ಟಿನ ಹೊತ್ತಿನ ವೋಲ್ಟೇಜ್-ಕರೆಂಟ್ ದಾಖಲೆಯಾದ ಡಿಸ್ಟರ್ಬೆನ್ಸ್ ರೆಕಾರ್ಡಿನಲ್ಲಿ ಎಕ್ಸ್ (ರಿಯಾಕ್ಟೆನ್ಸ್ ಭಾಗ) ಕೂಡ ಅದೇ ಪ್ರಮಾಣದಲ್ಲಿ ಏರಿತ್ತು. ಎರಡೂ ಕಡೆ ಫೀಡ್ ಇದ್ದಿದ್ದರೆ ಇಷ್ಟು ಸಲೀಸಾಗಿ ಬೇರ್ಪಡಿಸಲು ಆಗುತ್ತಿರಲಿಲ್ಲ.

ವಾರ್ಷಿಕ ಟೆಸ್ಟಿನಲ್ಲಿ ಇದು ಸಿಗದೇ ಇದ್ದದ್ದಕ್ಕೆ ಕಾರಣ ಸರಳ. ರಿಲೇಗೆ ನಕಲಿ ಫಾಲ್ಟ್ ಕೊಡುವ ಟೆಸ್ಟ್ ಕಿಟ್ಟಿಗೂ ಅದೇ ಶೀಟಿನ 0.55 ಕೊಡುತ್ತಾರೆ. 1 ಆಂಪಿಯರ್ ಹರಿಸಿ ವೋಲ್ಟೇಜ್ ಇಳಿಸುತ್ತ ಬಂದರೆ ಸರಿಯಾಗಿ 8.34 ವೋಲ್ಟಿಗೆ (5.38 ಗುಣಿಸು 1.55) ಝೋನ್-1 ಎತ್ತುತ್ತದೆ, ಅಂದರೆ ಕೆಲಸ ಮಾಡುತ್ತದೆ, ರಿಪೋರ್ಟಿನಲ್ಲಿ ಪಾಸ್. ರಿಲೇ ಶೀಟಿನಂತಿದೆಯೇ ಎಂದು ಗೊತ್ತಾಗುತ್ತದೆಯೇ ಹೊರತು ಶೀಟು ಲೈನಿನಂತಿದೆಯೇ ಎಂದಲ್ಲ. 0.8 ಆಗಿದ್ದರೆ ಅದೇ ಬೌಂಡರಿ 9.68 ವೋಲ್ಟ್.

ನಷ್ಟ ಬರೀ ಗ್ಯಾಂಗಿನ ಅಲೆದಾಟದ್ದಲ್ಲ. ಟ್ರಿಪ್ ಆದ ಬ್ರೇಕರನ್ನು ತಾನಾಗಿ ಮತ್ತೆ ಮುಚ್ಚುವ ಆಟೋ ರಿಕ್ಲೋಸ್ ಝೋನ್-1ಕ್ಕೆ ಮಾತ್ರ ಜೋಡಿಸಿತ್ತು. ಇಬ್ಬನಿಯ ಫ್ಲ್ಯಾಷ್‌ಓವರ್ ಬಹಳ ಸಲ ಬ್ರೇಕರ್ ತೆರೆದೊಡನೆ ಆರಿಹೋಗುತ್ತದೆ. ಝೋನ್-1 ಎತ್ತಿದ್ದರೆ ಲೈನ್ ತಾನಾಗಿ ವಾಪಸ್ ಬರುವ ಅವಕಾಶವಿತ್ತು.

ಝೋನ್-1ನ್ನು 90%ಗೆ ಏರಿಸಿದರೆ ಆಯಿತಲ್ಲ ಅನ್ನುವವರಿದ್ದಾರೆ. ಅದು ತಪ್ಪು ಔಷಧಿ. ಫೇಸ್ ಟು ಫೇಸ್ ಫಾಲ್ಟಿಗೆ ಕೆ-ಝೀರೋ ಸಂಬಂಧವೇ ಇಲ್ಲ, ಅಲ್ಲಿ ರೀಚ್ (ಝೋನ್ ಮುಟ್ಟುವ ದೂರ) ಮೊದಲೇ ಸರಿಯಿದೆ. ಸಿಟಿ, ಪಿಟಿ, ಲೈನ್ ಡೇಟಾದ ತಪ್ಪುಗಳಿಗೆಂದು ಬಿಟ್ಟ 20% ಜಾಗವನ್ನೇ ಅರ್ಧ ತಿಂದರೆ, ಆಚೆ ತುದಿಯ ಸ್ಟೇಷನ್ನಿನ ಬಸ್‌ಬಾರಿನ ಫಾಲ್ಟಿಗೂ ಈ ಲೈನ್ ತಡವಿಲ್ಲದೆ ಬೀಳಬಹುದು. ತಿದ್ದಬೇಕಾದದ್ದು ಕೆ-ಝೀರೋ ಒಂದನ್ನೇ, ರಿಲೇಯಲ್ಲೂ ಶೀಟಿನಲ್ಲೂ.