ಬಚ್ಚಲ ಬಾಗಿಲಿನ ಅಗಲ

ಮುಂಬಯಿಯ ವಡಾಲಾದ ಒಂದು ಪುನರ್ವಸತಿ ಕಟ್ಟಡದಲ್ಲಿ ಮೊನ್ನೆ ಬೆಳಗಿನಿಂದ ಸಂಜೆಯವರೆಗೆ ಅಳತೆಯದೇ ಕೆಲಸ. 300 ಚದರಡಿಯ ಮನೆಗಳು. ನಕ್ಷೆಯಲ್ಲಿ ಬಚ್ಚಲ ಬಾಗಿಲು 750 ಮಿ.ಮೀ. ಅಂತಿದೆ. ಚೌಕಟ್ಟನ್ನೂ ತೆರೆದ ಕದದ ದಪ್ಪವನ್ನೂ ಕಳೆದರೆ ದಾರಿ ಉಳಿಯುವುದು 650. ಗಾಲಿಕುರ್ಚಿಯೇ ಸುಮಾರು ಅಷ್ಟಗಲ ಇರುತ್ತದೆ, ಚಕ್ರ ತಳ್ಳುವ ಕೈಗೆ ಎಡೆಯೆಲ್ಲಿ? 900 ಬೇಕೇ ಬೇಕು.

ಆಮೇಲೆ ಒಡೆಸಿ ಅಗಲ ಮಾಡಿಸೋಣ ಎನ್ನುವಂತಿಲ್ಲ. ಈ ಕಟ್ಟಡ ಮೈವಾನ್ ಶಟರಿಂಗಿನದು. ಗೋಡೆ, ಸ್ಲ್ಯಾಬ್ ಎರಡನ್ನೂ ಅಲ್ಯುಮಿನಿಯಂ ಅಚ್ಚಿನಲ್ಲಿ ಒಟ್ಟಿಗೇ ಕಾಂಕ್ರೀಟಿನಿಂದ ಎರಕ ಹೊಯ್ದಿರುತ್ತಾರೆ, ಭಾರ ಹೊರುವುದೂ ಗೋಡೆಯೇ. ಚೌಕಟ್ಟು, ಕದ ಕಳೆದು 900 ಉಳಿಯಬೇಕಾದರೆ, ಅಚ್ಚಿಗೆ ಆರ್ಡರ್ ಕೊಡುವಾಗಲೇ ಬಾಗಿಲಿಗೆ 1,000 ಮಿ.ಮೀ. ತೆರವು ಬಿಡಿಸಿಕೊಳ್ಳಬೇಕು.

ಇಲ್ಲಿ ಶೌಚ, ಸ್ನಾನದ ಮೋರಿ ಬೇರೆಬೇರೆ. ಐದಾರು ಜನರ ಮನೆಗೆ ಅದು ದೊಡ್ಡ ಅನುಕೂಲ, ನಿಜ. ಆದರೆ ಗಾಲಿಕುರ್ಚಿ ತಿರುಗಲು ಬೇಕಾದ 1,500 ಮಿ.ಮೀ. ಜಾಗ ಎರಡರಲ್ಲೂ ಸಿಗದು. ನಡುವಿನ ಗೋಡೆಯೊಂದನ್ನು ಹಗುರ ಬ್ಲಾಕಿನಲ್ಲಿ ಕಟ್ಟಿ, ಅದರಲ್ಲಿ ಪೈಪು ಹಾಯಿಸದೆ, ವಾಟರ್‌ಪ್ರೂಫಿಂಗನ್ನು ಗೋಡೆಯಡಿಯಲ್ಲೂ ಒಂದೇ ಹಾಸಾಗಿ ಎಳೆದರೆ, ಬೇಕಾದಾಗ ಗೋಡೆ ತೆಗೆದು ಎರಡನ್ನೂ ಒಂದು ಮಾಡಬಹುದು. ಕಮೋಡು ಮಾತ್ರ ಕಾಂಕ್ರೀಟ್ ಗೋಡೆಯ ಪಕ್ಕದಲ್ಲೇ ಇರಲಿ. ಹಿಡಿದು ಏಳುವ ಸರಳನ್ನು ಹಗುರ ಬ್ಲಾಕಿಗೆ ಬಿಗಿದರೆ, ಮೈಭಾರವೆಲ್ಲ ಬಿದ್ದಾಗ ಬೋಲ್ಟು ಕಿತ್ತು ಬರುತ್ತದೆ.

ಕಲಬುರಗಿ ಕಡೆಯ ಅಜ್ಜಿಯೊಬ್ಬರು ಬಾಗಿಲು ಒಳಕ್ಕೆ ತೆರೆಯುವುದನ್ನು ನೋಡಿ ಕೇಳಿದರು: "ನಾ ಒಳಗ ಬಿದ್ರ ಬಾಗಲಾ ಹ್ಯಾಂಗ ತಗೀತೀರಿ?" ನಕ್ಷೆ ಬರೆಯುವವರು ಮೊದಲು ಕೇಳಿಕೊಳ್ಳಬೇಕಾದದ್ದು ಇದನ್ನೇ. ಬಿದ್ದವರ ಮೈಯೇ ಕದಕ್ಕೆ ಅಡ್ಡವಾಗುತ್ತದೆ. ಕದ ಹೊರಕ್ಕೇ ತೆರೆಯಬೇಕು, ಚಿಲಕ ಹೊರಗಿನಿಂದಲೂ ನಾಣ್ಯ ಹಾಕಿ ತಿರುಗಿಸಿದರೆ ಬಿಚ್ಚುವಂಥದ್ದಿರಬೇಕು. ನೀರು ಹೊರಬಾರದೆಂದು ಹಾಕಿದ್ದ 20 ಮಿ.ಮೀ. ಗ್ರಾನೈಟ್ ಪಟ್ಟಿಯೂ ಎಡವಿಸುವಂಥದ್ದೇ. 12ಕ್ಕಿಂತ ಹೆಚ್ಚಿರಬಾರದು. ನೀರನ್ನು ತಡೆಯಲು ನೆಲದ ಇಳಿಜಾರು, ಬಾಗಿಲ ಬುಡದಲ್ಲಿ ಉದ್ದನೆಯ ಜಾಲರಿ ಸಾಕು.

ಹೊರಗೆ ಮಳೆನೀರಿನ ಭಯಕ್ಕೆ ಪ್ಲಿಂತನ್ನು, ಅಂದರೆ ಕಟ್ಟಡದ ತಳದ ಕಟ್ಟೆಯನ್ನು, 450 ಮಿ.ಮೀ. ಏರಿಸಿದ್ದಾರೆ. ಅದಕ್ಕೆ ಕಟ್ಟಿದ ರ‍್ಯಾಂಪ್ 2.7 ಮೀಟರ್, ಅಂದರೆ 1:6, ಆರು ಅಡಿ ಉದ್ದಕ್ಕೆ ಒಂದಡಿ ಏರು. ಹತ್ತುವಾಗ ಕುರ್ಚಿ ಹಿಂದಕ್ಕೆ ಮಗುಚಬಹುದು. 1:12ರ ಲೆಕ್ಕಕ್ಕೆ 5.4 ಮೀಟರ್ ಬೇಕು, ಎರಡೂ ತುದಿಗೆ ಒಂದೂವರೆ ಮೀಟರ್ ಸಮತಟ್ಟು ಸೇರಿದರೆ 8.4. ಅಷ್ಟು ಜಾಗವನ್ನು ಪಾರ್ಕಿಂಗ್‌ಗಿಂತ ಮೊದಲೇ ನಕ್ಷೆಯಲ್ಲಿ ಗುರುತಿಸಬೇಕು. ಅಂಗವಿಕಲರ ಸುಗಮ ಓಡಾಟದ ನಿಯಮ ಪಾಲಿಸದ ನಕ್ಷೆಗೆ ಅನುಮತಿಯನ್ನೇ ಕೊಡಬಾರದೆಂದು ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 44ನೇ ಕಲಂ ಹೇಳುತ್ತದೆ. ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರಕ್ಕೂ ಅದೇ ಷರತ್ತು. ಆದ್ದರಿಂದ ತಪಾಸಣೆಗೆ ಬರುವವರು ರ‍್ಯಾಂಪ್ ಇದೆಯೇ ಎಂದು ಕೇಳಿದರೆ ಸಾಲದು, ಟೇಪ್ ಬಿಚ್ಚಿ ಅದರ ಉದ್ದ ಅಳೆಯಬೇಕು.